ಒಬ್ಬ ಪಾದ್ರಿಯ ಎರಡು ಫಸಲು

ಕಣಕಟ್ಟೆ ಹೋಬಳಿಯ ರೈತನಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಗಿ ಬಿತ್ತಿದರೆ ನಾಲ್ಕು ತಿಂಗಳಿಗೆ ತೆನೆ ಕೈಗೆ ಬರುತ್ತದೆ. ತೆಂಗಿನ ಸಸಿ ನೆಟ್ಟರೆ ಆರೇಳು ವರ್ಷ ನೀರು ಹೊರಬೇಕು. ಅರಸೀಕೆರೆ ಸೀಮೆಯಲ್ಲಿ ಅಜ್ಜ ನೆಟ್ಟ ಮರದ ಕಾಯಿಯನ್ನು ಮೊಮ್ಮಗ ಸಂತೆಗೆ ಒಯ್ಯುವುದು ವಿಶೇಷವೇನೂ ಅಲ್ಲ. ಆದರೆ ಬೇಸಾಯದಲ್ಲಿ ಸಹಜವಾಗಿ ಒಪ್ಪಿಕೊಳ್ಳುವ ಈ ತಡವನ್ನು ನಡತೆಯ ವಿಷಯದಲ್ಲಿ ಒಪ್ಪುವುದು ಕಷ್ಟ. ಒಳ್ಳೆಯ ಕೆಲಸ ಮಾಡಿದವನಿಗೆ ಅದರ ಫಲ ಈ ವಾರವೇ ಕಾಣಬೇಕು. ತಪ್ಪು ಮಾಡಿದವನಿಗೆ ಮರುದಿನ ಏನೂ ಆಗಲಿಲ್ಲವೆಂದರೆ ತಪ್ಪು ದಕ್ಕಿತು ಎಂದೇ ಲೆಕ್ಕ. ಬೇರೆಯವರ ಪ್ರಾಜೆಕ್ಟ್ ಪುಸ್ತಕವನ್ನು ನಕಲು ಮಾಡಿ ಒಳ್ಳೆಯ ಅಂಕ ಪಡೆದ ಹುಡುಗ, ಮತ್ತು ಸ್ಟೇಷನರಿ ಅಂಗಡಿಯಿಂದ ಸಿದ್ಧ ಪ್ರಾಜೆಕ್ಟನ್ನೇ ಕೊಂಡು ತಂದ ಅಪ್ಪ, ಇಬ್ಬರೂ ಮಾರ್ಚ್ ಕಳೆದ ಮೇಲೆ ಆ ಸಂಗತಿಯನ್ನೇ ಮರೆತಿರುತ್ತಾರೆ.

ಇದೇ ಹಾಸನ ಜಿಲ್ಲೆಯ ನೆಲದಲ್ಲಿ ಇನ್ನೂರು ವರ್ಷಗಳ ಹಿಂದೆ ಓಡಾಡಿದ ಒಬ್ಬ ಫ್ರೆಂಚ್ ಪಾದ್ರಿಯ ಬದುಕು ಈ ದೃಷ್ಟಿಯಿಂದ ನೋಡತಕ್ಕದ್ದು. ಮೂರು ನಾಲ್ಕು ವರ್ಷಗಳ ಅಂತರದಲ್ಲಿ ಆತ ಎರಡು ಕೆಲಸ ಮಾಡಿದ. ಒಂದು ತೀರ ಒಳ್ಳೆಯದು, ಇನ್ನೊಂದು ಒಳ್ಳೆಯದೆನ್ನಲಾಗದ್ದು. ಎರಡರ ಪೂರ್ಣ ಫಲವೂ ಹೊರಬಿದ್ದದ್ದು ಆತ ಸತ್ತು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ.

ಆತನ ಹೆಸರು ಝಾಂ ಅಂತ್ವಾನ್ ದುಬ್ವಾ. ಪುಸ್ತಕಗಳಲ್ಲಿ ಅಬ್ಬೆ ದುಬ್ವಾ ಎಂದು ಪ್ರಸಿದ್ಧ. ಅಬ್ಬೆ ಎಂದರೆ ಫ್ರೆಂಚಿನಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವದ ಮಾತು. ನಮ್ಮ ಹಳ್ಳಿಯ ‘ಅಬ್ಬೆ’ಗೂ ಇದಕ್ಕೂ ಸಂಬಂಧವಿಲ್ಲ. ದಕ್ಷಿಣ ಫ್ರಾನ್ಸಿನ ಆರ್ದೆಷ್ ಸೀಮೆಯವನು. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದ. ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಉರಿಯುತ್ತಿತ್ತು, ಪಾದ್ರಿಗಳ ತಲೆ ಉರುಳುತ್ತಿತ್ತು. ಇಲ್ಲಿಗೆ ಬಂದವನು ಐರೋಪ್ಯರ ಸಹವಾಸವನ್ನೇ ಬಿಟ್ಟು, ಇಲ್ಲಿನವರಂತೆ ಉಟ್ಟು, ರುಮಾಲು ಸುತ್ತಿ, ಜನರ ನಡುವೆ ಬಾಳಿದ. ಐರಿಷ್ ಚಿತ್ರಗಾರ ಥಾಮಸ್ ಹಿಕಿ ಬರೆದ ಆತನ ಭಾವಚಿತ್ರದಲ್ಲಿ ಇರುವುದೂ ಇದೇ ವೇಷ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದುಬ್ವಾನಿಗೆ ಮೈಸೂರಿನಿಂದ ಕರೆ ಬಂತು. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ತಂದಿದ್ದ. ಹದಿನೈದು ವರ್ಷಗಳ ಸೆರೆಯಲ್ಲಿ ಎಷ್ಟೋ ಮಂದಿ ಸತ್ತಿದ್ದರು, ಎಷ್ಟೋ ಮಂದಿ ಒತ್ತಾಯಕ್ಕೆ ಮಣಿದು ಮತ ಬದಲಿಸಿದ್ದರು. ಉಳಿದವರಿಗೆ ಹೊಲವಿಲ್ಲ, ಮನೆಯಿಲ್ಲ, ಹೋಗಲು ಊರಿಲ್ಲ. ಮಣಿದವರನ್ನು ಮರಳಿ ಇಗರ್ಜಿಯ ಒಳಗೆ ಕರೆದುಕೊಳ್ಳುವುದು ದುಬ್ವಾನ ಮೊದಲ ಕೆಲಸವಾಯಿತು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಆತ ಕಟ್ಟಿಸಿದ ಇಗರ್ಜಿ ಇದೆ. ನಿರ್ಗತಿಕರಾದ ಕುಟುಂಬಗಳನ್ನು ನೆಲೆಗೊಳಿಸಲು ಬೇಸಾಯದ ವಸಾಹತುಗಳನ್ನೂ ಆತ ಮಾಡಿದ. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿ, ಹಳೆಯ ಇಂಗ್ಲಿಷ್ ಪುಸ್ತಕಗಳು ‘ಸಾತಳ್ಳಿ’ ಎಂದು ಬರೆಯುವ ಊರಿನಲ್ಲಿ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಪ್ರವಾಸ ಹೋದ ಮಕ್ಕಳೆಲ್ಲ ನೋಡಿರುತ್ತಾರೆ. ದುಬ್ವಾನ ಕಾಲ ಅದಕ್ಕೂ ಅರ್ಧ ಶತಮಾನದಷ್ಟು ಹಿಂದಿನದು. ಜನ ಆತನನ್ನು ‘ದೊಡ್ಡ ಸ್ವಾಮಿ’ ಎಂದು ಕರೆಯುತ್ತಿದ್ದರಂತೆ.

ತೋಳಿನಿಂದ ತೋಳಿಗೆ

ಆ ಕಾಲದ ದೊಡ್ಡ ಭಯ ಸಿಡುಬು. ‘ಅಮ್ಮ ಬಂದಳು’ ಎಂದರೆ ಊರಿಗೆ ಊರೇ ನಡುಗುತ್ತಿತ್ತು. ಬಂದವರಲ್ಲಿ ಹಲವರು ಸಾಯುತ್ತಿದ್ದರು, ಉಳಿದವರಲ್ಲಿ ಕೆಲವರ ಕಣ್ಣು ಹೋಗುತ್ತಿತ್ತು, ಉಳಿದ ಮುಖವೆಲ್ಲ ಕುಳಿ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಇದಕ್ಕೆ ದಾರಿ ಕಂಡಿದ್ದ. ಹಸುವಿನ ಸಿಡುಬಿನ ರಸವನ್ನು ಮನುಷ್ಯನ ತೋಳಿಗೆ ಚುಚ್ಚಿದರೆ ದೊಡ್ಡ ಸಿಡುಬು ಹತ್ತಿರ ಬಾರದು ಎಂಬುದು ಆತನ ಪ್ರಯೋಗದ ಸಾರ.

ಆದರೆ ಆ ರಸವನ್ನು ಭಾರತಕ್ಕೆ ತರುವುದು ಹೇಗೆ? ಮಂಜುಗಡ್ಡೆಯ ಪೆಟ್ಟಿಗೆ ಇರಲಿಲ್ಲ. ಸೀಸೆಯಲ್ಲಿ ತುಂಬಿ ಕಳಿಸಿದ್ದು ದಾರಿಯ ಬಿಸಿಲಿಗೆ ಸತ್ತು ಹೋಗುತ್ತಿತ್ತು. ಕೊನೆಗೆ ಉಳಿದ ಉಪಾಯ ಮನುಷ್ಯರ ಸರಪಳಿ. ಒಬ್ಬನ ತೋಳಿಗೆ ಚುಚ್ಚಿ, ಸುಮಾರು ಎಂಟನೆಯ ದಿನ ಅಲ್ಲಿ ಎದ್ದ ಗುಳ್ಳೆಯ ರಸವನ್ನು ಇನ್ನೊಬ್ಬನ ತೋಳಿಗೆ ದಾಟಿಸಬೇಕು, ಅಲ್ಲಿಂದ ಮತ್ತೊಬ್ಬನಿಗೆ. ಹೀಗೆ ತೋಳಿನಿಂದ ತೋಳಿಗೆ ಬಾಗ್ದಾದ್, ಬಸ್ರಾ ಮಾರ್ಗವಾಗಿ ಬಂದ ರಸ 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳು ಸೇರಿತು. ಭಾರತದ ಲಸಿಕೆಯ ಇತಿಹಾಸ ಶುರುವಾಗುವುದು ಆ ಮಗುವಿನಿಂದ.

ಮರುವರ್ಷವೇ ಮೈಸೂರು ಸಂಸ್ಥಾನದಲ್ಲಿ ದುಬ್ವಾ ಈ ಕೆಲಸಕ್ಕೆ ಕೈಹಾಕಿದ. ಸುಲಭದ ಕೆಲಸವೇನೂ ಆಗಿರಲಿಲ್ಲ. ಪರದೇಶದ ಪಾದ್ರಿ ಮಗುವಿನ ತೋಳನ್ನು ಗೀರಿ ಬೇರೊಬ್ಬನ ಗುಳ್ಳೆಯ ರಸ ಹಚ್ಚುತ್ತೇನೆಂದರೆ ಯಾವ ತಾಯಿ ಒಪ್ಪುತ್ತಾಳೆ? ಜಾತಿಯ ಪ್ರಶ್ನೆ, ದೇವಿಯ ಸಿಟ್ಟಿನ ಭಯ, ಮತಕ್ಕೆ ಸೆಳೆಯುವ ಹುನ್ನಾರವಿರಬಹುದೆಂಬ ಶಂಕೆ, ಇಷ್ಟನ್ನೂ ದಾಟಬೇಕಿತ್ತು. ಎಂಟು ದಿನದೊಳಗೆ ಮುಂದಿನ ತೋಳು ಸಿಗದಿದ್ದರೆ ಸರಪಳಿ ಕಡಿದು ಮತ್ತೆ ಮೊದಲಿನಿಂದ. ಅಷ್ಟಾಗಿಯೂ 1803-04ರ ದಾಖಲೆಯಲ್ಲಿ ದುಬ್ವಾನ ಕಡೆಯಿಂದ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ 25,432. ಒಂದು ವರ್ಷದ ಲೆಕ್ಕವೆಂದುಕೊಂಡರೂ ದಿನಕ್ಕೆ ಎಪ್ಪತ್ತು ತೋಳು! ಅರಮನೆಯೂ ಇದಕ್ಕೆ ಬೆಂಬಲವಾಗಿತ್ತು. ದುಬ್ವಾನ ಚಿತ್ರ ಬರೆದ ಹಿಕಿಯೇ 1805ರಲ್ಲಿ ಮೈಸೂರಿನ ಮೂವರು ರಾಜಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

ಈ ಕೆಲಸದ ಫಲವನ್ನು ಕಣ್ಣಾರೆ ಕಾಣುವುದು ಸಾಧ್ಯವಿರಲಿಲ್ಲ. ಬಂದ ರೋಗಕ್ಕೆ ಹೆಸರಿರುತ್ತದೆ, ಬಾರದೇ ಹೋದ ರೋಗಕ್ಕೆ ಹೆಸರೆಲ್ಲಿ? 25,432 ಮಂದಿಯಲ್ಲಿ ಯಾರು ಈ ಚುಚ್ಚಿನಿಂದ ಉಳಿದರು, ಯಾರು ಹೇಗಿದ್ದರೂ ಉಳಿಯುತ್ತಿದ್ದರು ಎಂದು ಯಾರೂ ಹೇಳಲಾರರು. ಲಸಿಕೆಯ ವಿಧಾನ ಬದಲಾಗುತ್ತ, ಸುಧಾರಿಸುತ್ತ ಮುಂದುವರಿಯಿತು. 1975ರ ಮೇ ನಂತರ ಭಾರತದಲ್ಲಿ ಸಿಡುಬಿನ ಒಂದು ಪ್ರಕರಣವೂ ಕಾಣಿಸಲಿಲ್ಲ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಿಂದಲೇ ಈ ರೋಗ ತೊಲಗಿತೆಂದು ಸಾರಿತು. ಮನೆಯ ಹಿರಿಯರ ತೋಳಿನ ಮೇಲೆ ರೂಪಾಯಿಯಗಲದ ಹಳೆಯ ಕಲೆಯಿದ್ದರೆ ಮಕ್ಕಳು ಕೇಳಿ ನೋಡಬಹುದು. ‘ದೇವಿ ಹಾಕಿಸಿಕೊಂಡ’ ದಿನದ ಕಥೆ ಹೊರಬಂದೀತು.

ಎರಡು ಸಾವಿರ ವರಹ

ಈಗ ಇನ್ನೊಂದು ಕೆಲಸ. 1806ರ ಹೊತ್ತಿಗೆ ದುಬ್ವಾ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್‌ನ ಕೈಗೆ ಫ್ರೆಂಚ್ ಭಾಷೆಯ ಒಂದು ಹಸ್ತಪ್ರತಿ ಕೊಟ್ಟ. ಹಿಂದೂಗಳ ಆಚಾರ, ವಿಚಾರ, ಜಾತಿ, ಹಬ್ಬ, ಮದುವೆ, ಮಡಿಮೈಲಿಗೆಗಳನ್ನು ಕುರಿತ ದೊಡ್ಡ ಗ್ರಂಥ. ವಿಲ್ಕ್ಸ್ ಸ್ವತಃ ಇತಿಹಾಸಕಾರ. ಆತ ಮೆಚ್ಚಿ ಮದರಾಸಿಗೆ ಕಳಿಸಿದ. ಅಲ್ಲಿ ಗವರ್ನರ್ ಆಗಿದ್ದ ವಿಲಿಯಂ ಬೆಂಟಿಂಕ್ 1807ರಲ್ಲಿ ಎರಡು ಸಾವಿರ ವರಹ ಕೊಟ್ಟು ಕಂಪನಿಗಾಗಿ ಅದನ್ನು ಕೊಂಡ. 1816ರಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಭಾರತವನ್ನು ಆಳಲು ಬರುವ ಅಧಿಕಾರಿಗಳಿಗೆ ಅದು ಕೈಪಿಡಿಯಂತಾಯಿತು. 1825ರಲ್ಲಿ ಪ್ಯಾರಿಸ್ಸಿನ ರಾಜಮುದ್ರಣಾಲಯದಿಂದ ವಿಸ್ತರಿಸಿದ ಫ್ರೆಂಚ್ ಆವೃತ್ತಿ ಬಂತು. 1897ರಲ್ಲಿ ಹೆನ್ರಿ ಬೀಚಂ ಅದನ್ನು ಇಂಗ್ಲಿಷಿಗೆ ತಂದ. ಮ್ಯಾಕ್ಸ್ ಮುಲ್ಲರನಂಥ ವಿದ್ವಾಂಸನೇ ಮೆಚ್ಚಿ ಬರೆದ ಮೇಲೆ ಇನ್ನೇನು ಬೇಕು? ಜನರ ನಡುವೆ ಬಾಳಿದ ಪಾದ್ರಿ ಕಣ್ಣಾರೆ ಕಂಡು ಬರೆದದ್ದು ಎಂಬ ಖ್ಯಾತಿ ನಿಂತುಬಿಟ್ಟಿತು.

ಲಸಿಕೆಯ ಫಲ ಕಾಣಲಿಲ್ಲ, ಪುಸ್ತಕದ ಫಲ ಕೈಗೇ ಬಂತು.

1977ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿದ್ದ ಒಂದು ಹಸ್ತಪ್ರತಿಯ ಬಗ್ಗೆ ಲೇಖನ ಪ್ರಕಟಿಸಿದರು. ಅದರ ಕಾಲ 1777, ಅಂದರೆ ದುಬ್ವಾ ಭಾರತಕ್ಕೆ ಬರುವುದಕ್ಕೆ ಹದಿನೈದು ವರ್ಷ ಮೊದಲು. ಬರೆದಿಟ್ಟವನು ದೆವೋ ಎಂಬ ಫ್ರೆಂಚ್ ಫಿರಂಗಿ ದಳದ ಅಧಿಕಾರಿ. ಅದನ್ನು ದುಬ್ವಾನ ಪುಸ್ತಕದ ಪಕ್ಕ ಇಟ್ಟು ಓದಿದರೆ ಅಧ್ಯಾಯಕ್ಕೆ ಅಧ್ಯಾಯ ಹೊಂದುತ್ತಿತ್ತು. ಮ್ಯೂರ್ ಅಲ್ಲಿಗೇ ನಿಲ್ಲಲಿಲ್ಲ. ಹತ್ತು ವರ್ಷ ಶೋಧಿಸಿ 1987ರಲ್ಲಿ ಎರಡು ಸಂಪುಟಗಳನ್ನು ಹೊರತಂದರು. ದೆವೋ ಕೂಡ ಮೂಲ ಲೇಖಕನಲ್ಲ, ಇಬ್ಬರೂ ಬಳಸಿಕೊಂಡದ್ದು ಪುದುಚೇರಿಯ ಜೆಸ್ವಿಟ್ ಪಾದ್ರಿ ಗಾಸ್ತಾಂ ಲೋರಾಂ ಕೂರ್ದೂ ಬರೆದಿದ್ದ ಗ್ರಂಥವನ್ನು ಎಂಬುದು ಅವರ ತೀರ್ಮಾನ. ವಿದ್ವಾಂಸರು ಅದನ್ನು ಬಹುಮಟ್ಟಿಗೆ ಒಪ್ಪಿದ್ದಾರೆ.

ಈ ಕೂರ್ದೂ ಸಾಮಾನ್ಯನಲ್ಲ. 1732ರಲ್ಲಿ ಭಾರತಕ್ಕೆ ಬಂದವನು ನಲವತ್ತೇಳು ವರ್ಷ ಇಲ್ಲಿದ್ದು 1779ರಲ್ಲಿ ಇಲ್ಲಿಯೇ ತೀರಿಕೊಂಡ. ತೆಲುಗು, ಸಂಸ್ಕೃತ ಬಲ್ಲವನು. ಸಂಸ್ಕೃತದ ದೇವ, ದಾನ, ವಿಧವಾ ಎಂಬ ಮಾತುಗಳೂ ಲ್ಯಾಟಿನ್ನಿನ ದೆಯುಸ್, ದೋನುಂ, ವಿದುವಾ ಎಂಬ ಮಾತುಗಳೂ ಒಂದೇ ಬೇರಿನವು ಎಂದು ಗುರುತಿಸಿ 1767ರಲ್ಲೇ ಪ್ಯಾರಿಸ್ಸಿನ ವಿದ್ವತ್ ಅಕಾಡೆಮಿಗೆ ಬರೆದಿದ್ದ. ಆ ಪತ್ರ ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ, 1786ರಲ್ಲಿ, ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಅದೇ ಮಾತನ್ನು ಹೇಳಿ ಜಗತ್ಪ್ರಸಿದ್ಧನಾಗಿದ್ದ. ಅದು ಬರೀ ದುರದೃಷ್ಟ, ಜೋನ್ಸ್ ಯಾರದನ್ನೂ ಕದಿಯಲಿಲ್ಲ. ಮ್ಯಾಕ್ಸ್ ಮುಲ್ಲರ್ ತನ್ನ ಭಾಷಾಶಾಸ್ತ್ರದ ಉಪನ್ಯಾಸಗಳಲ್ಲಿ ಕೂರ್ದೂನ ಈ ಪತ್ರವನ್ನು ಹೆಸರಿಸಿ ಸ್ಮರಿಸಿದ್ದಾನೆ. ದುಬ್ವಾನ ಪುಸ್ತಕದಲ್ಲಿ ತಾನು ಮೆಚ್ಚಿದ ಬರಹವೂ ಅದೇ ಕೈಯದೆಂದು ಆತನಿಗೆ ಹೊಳೆಯುವ ದಾರಿಯೇ ಇರಲಿಲ್ಲ.

ಹಾಗೆಂದು ಕೂರ್ದೂ ಕೂಡ ತೊಳೆದ ಮುತ್ತೇನಲ್ಲ. ಕೋರಮಂಡಲ ಕರಾವಳಿಯ ಬಣ್ಣಗಾರರ ಗುಟ್ಟನ್ನು ತನ್ನ ಬಳಿ ಕ್ರೈಸ್ತರಾದವರಿಂದ ಕೇಳಿ ತಿಳಿದು 1742ರಲ್ಲಿ ಫ್ರಾನ್ಸಿಗೆ ಬರೆದು ಕಳಿಸಿದವನು ಇವನೇ. ನಂಬಿ ಹೇಳಿದವರ ಕಸುಬಿನ ಗುಟ್ಟು ಸಮುದ್ರ ದಾಟಿತು. ಅದರ ಲೆಕ್ಕ ಬೇರೆಯದೇ ಒಂದು ಲೇಖನಕ್ಕಾಗುವಷ್ಟಿದೆ.

ದುಬ್ವಾನ ಪರವಾಗಿ ಹೇಳುವ ಮಾತುಗಳೂ ಇವೆ. ಆ ಕಾಲದಲ್ಲಿ ಹೆಸರು ಹೇಳದೆ ಬರೆದುಕೊಳ್ಳುವುದು ರೂಢಿಯಲ್ಲಿತ್ತು. 1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದ್ದರಿಂದ ಅವರ ಕಾಗದಪತ್ರಗಳು ವಾರಸುದಾರರಿಲ್ಲದ ಆಸ್ತಿಯಂತಾಗಿ ದುಬ್ವಾನ ಸಂಘದವರ ಕೈಸೇರಿದ್ದವು. ಮುಂದಿನ ಆವೃತ್ತಿಗೆ ಆತ ತನ್ನ ಅನುಭವವನ್ನೂ ಸೇರಿಸಿದ. ಇಷ್ಟೆಲ್ಲ ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಮೂಲ ಬರೆದವನ ಹೆಸರನ್ನು ಒಂದು ಸಾಲಿನಲ್ಲಿ ಹೇಳಲು ಕಷ್ಟವೇನಿತ್ತು?

ನಷ್ಟ ಸತ್ತ ಕೂರ್ದೂನೊಬ್ಬನದೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮೈಸೂರು ಸೀಮೆಯಲ್ಲಿ 1800ರ ಸುಮಾರಿಗೆ ಜನ ಹೀಗೆ ಬದುಕುತ್ತಿದ್ದರು ಎಂದು ಈ ಪುಸ್ತಕವನ್ನು ಸಾಕ್ಷಿಯಾಗಿ ಮುಂದಿಟ್ಟವರು ಅನೇಕರು. ಆದರೆ ಅದರ ಬಹುಭಾಗ ತಮಿಳು, ತೆಲುಗು ಸೀಮೆಗಳಲ್ಲಿದ್ದ ಜೆಸ್ವಿಟರು ಹಲವು ದಶಕ ಮೊದಲು ಕಂಡದ್ದು, ಕೇಳಿದ್ದು. ನಮ್ಮ ಅಜ್ಜಂದಿರ ಅಜ್ಜಂದಿರ ಬಗ್ಗೆ ಹೇಳುವ ಸಾಕ್ಷಿಯೇ ಬೇರೆ ಊರಿನದು, ಬೇರೆ ಕಾಲದ್ದು! ಯಾವ ಪುಟ ಹಾಸನದಲ್ಲಿ ಕಂಡದ್ದು, ಯಾವ ಪುಟ ಪುದುಚೇರಿಯಿಂದ ಬಂದದ್ದು ಎಂದು ಈಗ ಓದುವವರು ಸಾಲುಸಾಲಿಗೂ ಅನುಮಾನಪಡಬೇಕಾಗಿದೆ. ದುಬ್ವಾ ನಿಜವಾಗಿ ತಾನೇ ಕಂಡು ಬರೆದ ಭಾಗವೂ ಈ ಅನುಮಾನದಲ್ಲಿ ಸಿಕ್ಕಿಕೊಂಡಿದೆ. ನಕಲು ಮಾಡಿದವನ ಸ್ವಂತ ಉತ್ತರವನ್ನೂ ಮೇಷ್ಟ್ರು ನಂಬುವುದಿಲ್ಲವಲ್ಲ, ಹಾಗೆ.

ಹಣಜಿಯ ಹೊಲ

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮಾತು ಕನ್ನಡದಲ್ಲಿ ಎಷ್ಟು ಬಳಕೆಯದೆಂದರೆ ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಅದನ್ನೇ ಹೆಸರಿಟ್ಟರು. ಆದರೆ ದುಬ್ವಾ ಮಾಡಿದ್ದನ್ನು ದುಬ್ವಾ ಉಣ್ಣಲಿಲ್ಲ. ಕಂಪನಿಯ ಪಿಂಚಣಿ ಪಡೆದು 1823ರಲ್ಲಿ ಭಾರತ ಬಿಟ್ಟ. ಪ್ಯಾರಿಸ್ಸಿನಲ್ಲಿ ತನ್ನ ಸಂಘದ ಮುಖ್ಯಸ್ಥನಾದ. ವಯಸ್ಸಾಗಿ, ಗೌರವದಿಂದ, 1848ರಲ್ಲಿ ಸತ್ತ. ಹಾಗಾದರೆ ಲೆಕ್ಕ ತಪ್ಪಿತೇ?

ಆತ ಬೋಧಿಸುತ್ತಿದ್ದ ಧರ್ಮದಲ್ಲಿಯೇ ಈ ಪ್ರಶ್ನೆಗೆ ಸಂಬಂಧಿಸಿದ ಒಂದು ಸಾಮತಿಯಿದೆ. ಹಳೆಯ ಕನ್ನಡ ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಬರುವ ಹಣಜಿಯ ಕಥೆ ಅದು. ಒಬ್ಬ ಯಜಮಾನ ಗೋಧಿ ಬಿತ್ತುತ್ತಾನೆ. ರಾತ್ರಿ ವೈರಿ ಬಂದು ನಡುವೆ ಹಣಜಿಯ ಬೀಜ ಎಸೆದು ಹೋಗುತ್ತಾನೆ. ಪೈರು ಎದ್ದಾಗ ಆಳುಗಳು ಕಿತ್ತುಹಾಕೋಣವೇ ಎಂದು ಕೇಳುತ್ತಾರೆ. ಈಗ ಕಿತ್ತರೆ ಗೋಧಿಯೂ ಬಂದೀತು, ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎಂದು ಯಜಮಾನ ತಡೆಯುತ್ತಾನೆ. ರಾಗಿಯ ಹೊಲದಲ್ಲಿ ಕಳೆ ತೆಗೆಯುವವರಿಗೆ ಈ ಮಾತು ವಿಚಿತ್ರವೆನಿಸಬಹುದು. ಲೋಕದಲ್ಲಿ ಒಳ್ಳೆಯವರೂ ಕೆಟ್ಟವರೂ ಜೊತೆಗಿರುವುದನ್ನು ಇದು ಹೇಳುತ್ತದೆಂಬುದು ವಾಡಿಕೆಯ ಅರ್ಥ. ದುಬ್ವಾನ ಕಥೆಯನ್ನು ನೋಡಿದರೆ ಒಬ್ಬನೇ ಮನುಷ್ಯನ ಹೊಲದಲ್ಲಿ ಎರಡೂ ಎದ್ದಿವೆ, ಒಂದು ಇನ್ನೊಂದನ್ನು ಅಳಿಸಿಲ್ಲ. ಸಾವಿರಾರು ತೋಳಿಗೆ ಲಸಿಕೆ ಹಾಕಿದ್ದರಿಂದ ಪುಸ್ತಕ ಆತನದಾಗಲಿಲ್ಲ. ಪುಸ್ತಕ ಆತನದಲ್ಲವೆಂದು ತಿಳಿದದ್ದರಿಂದ ಉಳಿದ ಮಕ್ಕಳು ಸಾಯಲಿಲ್ಲ.

ತಡವೇಕೆ ಎಂಬುದಕ್ಕೂ ಕ್ರೈಸ್ತ ಧರ್ಮ ಒಂದು ಕಾರಣ ಕೊಡುತ್ತದೆ. ದೇವರು ಸುಗ್ಗಿಯನ್ನು ಮುಂದೂಡುವುದು ಮರೆವಿನಿಂದಲ್ಲ, ತಿರುಗಿಕೊಳ್ಳಲು ಕಾಲ ಕೊಡುವುದಕ್ಕಾಗಿ ಎಂಬುದು ಆ ನಂಬಿಕೆ. ತಿರುಗಿಕೊಳ್ಳುವುದೆಂದರೆ ಬರೀ ಕಣ್ಣೀರಲ್ಲ. ಸುಂಕದ ಜಕ್ಕಾಯ, ಯೇಸು ತನ್ನ ಮನೆಗೆ ಬಂದ ದಿನ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ಬೇರೆಯವರದನ್ನು ಅವರಿಗೆ ಮುಟ್ಟಿಸದೆ ಪಶ್ಚಾತ್ತಾಪ ಪೂರ್ತಿಯಾಗದು ಎಂದು ಕಥೋಲಿಕ ಸಭೆ ಕಲಿಸುತ್ತದೆ. ಪಾಪನಿವೇದನೆಗೆ ಬಂದ ಎಷ್ಟೋ ರೈತರಿಗೆ ದುಬ್ವಾ ಇದನ್ನೇ ಹೇಳಿರಬೇಕು. ವರಹ ಕೈಗೆ ಬಂದ 1807ರಿಂದ ಸಾಯುವವರೆಗೆ ಆತನಿಗೆ ನಲವತ್ತೊಂದು ವರ್ಷ ಸಿಕ್ಕಿತು. 1825ರಲ್ಲಿ ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸುವಾಗ ಮುನ್ನುಡಿಯೂ ಆತನ ಕೈಯಲ್ಲೇ ಇತ್ತು. ಕೂರ್ದೂನ ಋಣ ಅಲ್ಲಿಯೂ ತೀರಲಿಲ್ಲ.

ವಿಚಿತ್ರವೆಂದರೆ, ತನ್ನ ಬದುಕನ್ನು ತಾನೇ ತೂಗಿದಾಗ ಆತ ಈ ಎರಡು ಕೆಲಸಗಳನ್ನೂ ತಕ್ಕಡಿಗೆ ಹಾಕಲಿಲ್ಲ. 1823ರಲ್ಲಿ ಪ್ರಕಟವಾದ ಆತನ ಪತ್ರಗಳ ಸಂಪುಟವೊಂದಿದೆ. ಇಪ್ಪತ್ತೈದು ವರ್ಷ ದುಡಿದು ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಮಂದಿಯನ್ನು, ಅವರಲ್ಲೂ ಹೆಚ್ಚಿನವರು ಗತಿಯಿಲ್ಲದೆ ಬಂದವರು, ಹಿಂದೂಗಳನ್ನು ಒಂದು ಜನಾಂಗವಾಗಿ ಕ್ರೈಸ್ತರನ್ನಾಗಿಸುವುದು ಮನುಷ್ಯರಿಂದಾಗದ ಕೆಲಸ ಎಂದು ಅದರಲ್ಲಿ ಬರೆದುಕೊಂಡಿದ್ದಾನೆ. ಪ್ರಾಟೆಸ್ಟೆಂಟ್ ಮಿಶನರಿಗಳು ಸಿಟ್ಟಾಗಿ ಮರುವರ್ಷವೇ ಉತ್ತರದ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಸೋತೆನೆಂದು ಬಹಿರಂಗವಾಗಿ ಬರೆಯುವ ಪ್ರಾಮಾಣಿಕತೆ ಈ ಮನುಷ್ಯನಿಗಿತ್ತು ಎಂಬುದನ್ನೂ ಮರೆಯಬಾರದು. ಬೇರೊಬ್ಬನ ಬರಹದ ಮೇಲೆ ತನ್ನ ಹೆಸರು ಹಾಕಿಕೊಂಡವನೂ, ತನ್ನ ಸೋಲಿನ ಮೇಲೆ ತನ್ನ ಹೆಸರು ಹಾಕಿದವನೂ ಒಬ್ಬನೇ.

ಹಾಸನದ ಸುತ್ತಿನ ಹಳ್ಳಿಗಳಲ್ಲಿ ಕ್ರೈಸ್ತ ಬೇಸಾಯಗಾರರ ಮನೆಗಳು ಇಂದಿಗೂ ಇವೆ. ದುಬ್ವಾನ ಪುಸ್ತಕವೂ ಇದೆ, ಮತ್ತೆ ಮತ್ತೆ ಅಚ್ಚಾಗುತ್ತಿದೆ. ರಕ್ಷಾಪುಟದ ಮೇಲೆ ಈಗಲೂ ಒಂದೇ ಹೆಸರು. ಕೂರ್ದೂ ತನ್ನ ಕೈಯಾರೆ ಬರೆದಿದ್ದ ಮೂಲಪ್ರತಿ ಕಳೆದುಹೋಗಿದೆ.